ಹುಮನಾಬಾದಿಗೆ ಹೋದ ಅರಮನೆ

ನಮ್ಮ ಮನೆಯಲ್ಲಿ ಒಂದು ತೇಲುವ ಅರಮನೆ ಇತ್ತು. ಅದಕ್ಕೆ ಬೆಳ್ಳಿ ಬಣ್ಣ ಬಳಿದು, ಟೆಂಪೋದಲ್ಲಿ ಹೇರಿ, ಹುಮನಾಬಾದಿಗೆ ಕಳಿಸಿಬಿಟ್ಟರು. ನನ್ನನ್ನು ಒಂದು ಮಾತು ಕೇಳಲಿಲ್ಲ. ಈ ಸಂಗತಿಯನ್ನು ತಣ್ಣಗೆ ಬರೆಯಬೇಕೆಂದು ಹಲವು ಸಲ ಕೂತಿದ್ದೇನೆ. ಪ್ರತಿ ಸಲವೂ ಪೆನ್ನು ಕಾಗದ ಹರಿಯುವಷ್ಟು ಒತ್ತುತ್ತದೆ. ಬಾಲ್ಯದ ಬಗ್ಗೆ ಬರೆಯುವವರಿಗೆ ತಲೆ ನರೆತಿರಬೇಕು, ಸಿಟ್ಟು ಇಳಿದಿರಬೇಕು ಎನ್ನುತ್ತಾರೆ. ನನಗೆ ಮೀಸೆಯೇ ಇನ್ನೂ ಎರಡೂ ಕಡೆ ಒಂದೇ ಸಮ ಬಂದಿಲ್ಲ. ಮದುವೆ ಮನೆಗಳಲ್ಲಿ ಮೈಕು ಹಿಡಿದು ಬೀಗರ ದನಿ, ಬಸ್ಸಿನ ಕಂಡಕ್ಟರನ ದನಿ, ಕೆಟ್ಟ ಬೋರಿನ ದನಿ ತೆಗೆದು ಜನರನ್ನು ನಗಿಸುವವನು ನಾನು. ನಡುವೆ ಊಟಕ್ಕೆ ಕರೆದರೆ ಅರ್ಧ ದನಿಯಲ್ಲೇ ಮೈಕು ಬಿಟ್ಟು ಓಡುವವನೂ ನಾನೇ. ಆದರೆ ಸಿಟ್ಟು ಇಳಿಯಲಿ ಎಂದು ಕಾಯುತ್ತ ಕೂತರೆ ಈ ಅಧ್ಯಾಯವನ್ನು ಬರೆಯುವವರೇ ಇರುವುದಿಲ್ಲ.

ಬಸವಕಲ್ಯಾಣದಲ್ಲಿ ನಮ್ಮದು ತಗ್ಗಿನ ಮನೆ. ಮೊದಲು ತಗ್ಗಿರಲಿಲ್ಲ. ಅಪ್ಪನ ತಾಯಿ, ನಮ್ಮ ಆಯಿ, ಸೊಸೆಯಾಗಿ ಬಂದಾಗ ಹೊಸ್ತಿಲು ಮುಟ್ಟಲು ಮೆಟ್ಟಿಲು ಹತ್ತಿದ್ದಳಂತೆ. ನಾನು ಓಡಾಡುವ ಹೊತ್ತಿಗೆ ಅದೇ ಹೊಸ್ತಿಲಿಗೆ ಮೆಟ್ಟಿಲು ಇಳಿಯಬೇಕಾಗಿತ್ತು. ಮನೆ ಎಲ್ಲಿಗೂ ಹೋಗಿರಲಿಲ್ಲ, ರೋಡು ಮೇಲೆ ಬಂದಿತ್ತು. ಹಳೆಯ ರೋಡನ್ನು ಅಗೆದು ತೆಗೆಯುವ ಕಷ್ಟ ಯಾರಿಗೆ ಬೇಕು? ಹಳೆಯದರ ಮೇಲೆ ಹೊಸದು, ಅದರ ಮೇಲೆ ಇನ್ನೊಂದು, ಬುಟ್ಟಿಯಲ್ಲಿ ರೊಟ್ಟಿ ಪೇರಿಸಿದ ಹಾಗೆ ಪೇರಿಸುತ್ತ ಹೋದರು. ಪ್ರತಿ ರೋಡಿಗೂ ತೆಂಗಿನಕಾಯಿ ಒಡೆದರು, ಹಾರ ಹಾಕಿಸಿಕೊಂಡರು, ಪೇಢೆ ಹಂಚಿದರು. ನೀರು ಹರಿದುಹೋಗುವ ಗಟಾರ ಮಾತ್ರ ಯಾರಿಗೂ ನೆನಪಾಗಲಿಲ್ಲ. ಆದ್ದರಿಂದ ಮಳೆ ಬಂತೆಂದರೆ ಇಡೀ ಓಣಿಯ ನೀರು ಬಾಗಿಲು ತಟ್ಟದೆ ನಮ್ಮಲ್ಲಿಗೆ ಬರುತ್ತಿತ್ತು. ಇದ್ದದ್ದು ಒಂದು ದೊಡ್ಡ ಖೋಲಿ, ಒಂದು ಅಡುಗೆಮನೆ. ನೀರು ನೇರ ಅಡುಗೆಮನೆಗೇ ಹೋಗುತ್ತಿತ್ತು, ಹಸಿದ ನೆಂಟರ ಹಾಗೆ. ಗೋಡೆಯ ಮೇಲೆ ಎತ್ತರದಲ್ಲಿ ಬುದ್ಧನ ಫೋಟೋ ಇತ್ತು. ನಮ್ಮ ಮನೆಯಲ್ಲಿ ಕಾಲು ನೆನೆಯದವನು ಅವನೊಬ್ಬನೇ, ಅದಕ್ಕೇ ಅಷ್ಟು ಸಮಾಧಾನವಾಗಿ ನಗುತ್ತಾನೆ ಎಂದು ನಾನು ಹೇಳುತ್ತಿದ್ದೆ. ಅವ್ವ ನನ್ನ ತಲೆಗೊಂದು ಕೊಟ್ಟು, ಆಮೇಲೆ ಸೆರಗು ಬಾಯಿಗೆ ಹಿಡಿದು ತಾನೂ ನಗುತ್ತಿದ್ದಳು.

ಆ ಖೋಲಿಯ ಅರ್ಧವನ್ನು ಒಂದು ಕಬ್ಬಿಣದ ಪಲಂಗ ನುಂಗಿತ್ತು. ಅಜ್ಜ ಅದನ್ನು ಎಲ್ಲಿಂದ ತಂದನೋ ಗೊತ್ತಿಲ್ಲ; ಕೇಳಿದಾಗಲೆಲ್ಲ ಆಯಿ ಬೇರೆ ಬೇರೆ ಉತ್ತರ ಕೊಡುತ್ತಿದ್ದಳು. ಅದರ ಕಾಲುಗಳು ನನ್ನ ಎದೆಯ ಎತ್ತರಕ್ಕಿದ್ದವು. ನಾಲ್ಕು ಮೂಲೆಯ ಕಂಬಗಳ ನೆತ್ತಿಗೆ ಹಿತ್ತಾಳೆಯ ಗುಂಡುಗಳು ಇರಬೇಕಿತ್ತು. ಮೂರಿದ್ದವು, ಒಂದು ಕಳೆದುಹೋಗಿತ್ತು. ನೀರು ಹೊಸ್ತಿಲು ದಾಟಿದ ಕೂಡಲೇ ಆಯಿ ಹುಕುಂ ಕೊಡುತ್ತಿದ್ದಳು.

“ಏರ್ರಿ ಎಲ್ಲಾರೂ. ಅರಮನಿ ಹೊಂಟದ.”

ಹಿಟ್ಟಿನ ಡಬ್ಬಿ, ಹಾಸಿಗೆಗಳು, ಪುಟ್ಟ ಟಿವಿ, ನನ್ನ ಪಾಟೀಚೀಲ ಮೊದಲು ಏರುತ್ತಿದ್ದವು. ಆಮೇಲೆ ಆಯಿ, ಅವ್ವ, ಅಪ್ಪನ ತಂಗಿ ಸುಮನತ್ತೆ ಮತ್ತು ನಾನು. ಕೊನೆಗೆ ಅಪ್ಪ, ಜಾಗ ಸಾಲದೆ ಕಾಲು ನೀರಿನಲ್ಲೇ ಇಳಿಬಿಟ್ಟು ಅಂಚಿಗೆ ಕೂರುತ್ತಿದ್ದ. ಆಯಿ ನಡುವೆ ಕೂತು ಬೆಳಗ್ಗೆ ಮಾಡಿದ ರೊಟ್ಟಿ ಮುರಿದು ಹಂಚುತ್ತ ಕಥೆ ಎತ್ತುತ್ತಿದ್ದಳು. ದಿನವಿಡೀ ರಾಜೇಶ್ವರ ಊರಿನ ಕಡೆ ಬೇರೆಯವರ ಹೊಲದಲ್ಲಿ ಕಳೆ ತೆಗೆದು ಬಂದ ಕೈಗಳು, ಅರಮನೆಯ ಬಾಗಿಲು ತೋರಿಸುವಾಗ ಮಾತ್ರ ರಾಣಿಯ ಕೈಗಳಂತೆ ಮೆತ್ತಗೆ ಏಳುತ್ತಿದ್ದವು. ಕೆರೆಯ ಮೇಲೆ ಒಂದು ಅರಮನೆ ತೇಲುತ್ತಿತ್ತಂತೆ. ಬೆಳಿಗ್ಗೆ ಒಂದು ದಂಡೆಗೆ, ಸಂಜೆಗೆ ಇನ್ನೊಂದು ದಂಡೆಗೆ.

“ಅದು ತೇಲತಿತ್ತು ಯಾಕ, ಆಯಿ?”

“ಇಳೀಲಾಕ ಜಾಗ ಎಲ್ಲಿತ್ತೋ ಪಿಂಟ್ಯಾ. ಎಲ್ಲಿ ಇಳದ್ರೂ ಒಬ್ಬಾಂವ ಬಂದು, ಇದು ನನ್ನ ಹೊಲ, ನಡಿ ಆಚಿ, ಅಂತಿದ್ದ. ಅದಕ್ಕ ನೀರಿನ ಮ್ಯಾಲೇ ಉಳೀತು. ನೀರು ಯಾರ ಹೆಸರಿಗೂ ಇಲ್ಲ ನೋಡು.”

ಅರಮನೆಯ ನಾಲ್ಕು ಮಾಯದ ಸಂಪತ್ತುಗಳೂ ನಮ್ಮ ಪಲಂಗದ ನಾಲ್ಕು ಗುಂಡುಗಳಲ್ಲೇ ಅಡಗಿದ್ದವು. ಒಂದನ್ನು ತಿರುವಿದರೆ ಬೇಕಾದ ಊಟದ ವಾಸನೆ ಬರುತ್ತದೆ. ಬರೀ ವಾಸನೆ, ಊಟವಲ್ಲ, ಆಯಿ ಅಷ್ಟು ಸುಳ್ಳುಗಾರ್ತಿ ಅಲ್ಲ. ಎರಡನೆಯದರಲ್ಲಿ ನಿದ್ದೆ. ಮೂರನೆಯದರಲ್ಲಿ ಊರಿನ ಎಲ್ಲರ ದನಿಗಳು. ಕಳೆದುಹೋದ ನಾಲ್ಕನೆಯದು ನೀರು ಇಳಿಸುವ ಗುಂಡು. ಅರಮನೆಯ ಪೋರನೊಬ್ಬ ಆಡುತ್ತ ಆಡುತ್ತ ಅದನ್ನು ಕಳೆದನಂತೆ. ಆವತ್ತಿನಿಂದ ಅರಮನೆಯ ಮಂದಿ ನೀರು ತಾನಾಗಿ ಇಳಿಯಲಿ ಎಂದು ಕಾಯುತ್ತ ಕೂತಿದ್ದಾರಂತೆ. ಆ ಗುಂಡಿಗಾಗಿ ನಾನು ಹುಡುಕದ ಜಾಗವಿಲ್ಲ. ಪಲಂಗದ ಕೆಳಗೆ, ಹಿತ್ತಲಿನಲ್ಲಿ, ಕೆರೆಯ ದಂಡೆಯಲ್ಲಿ, ಒಮ್ಮೆ ಪಕ್ಕದ ಮನೆಯ ಆಡು ಏನನ್ನೋ ಮೆಲ್ಲುತ್ತಿದ್ದಾಗ ಅದರ ಬಾಯಿಯಲ್ಲೂ ಹುಡುಕಿ ಕಚ್ಚಿಸಿಕೊಂಡೆ. ಇವತ್ತು ಗೊತ್ತು: ಅದು ಎಲ್ಲೂ ಕಳೆದಿರಲಿಲ್ಲ. ರೋಡಿಗೆ ಕಾಯಿ ಒಡೆಯುವವರ ಕಿಸೆಯಲ್ಲಿ ಬೆಚ್ಚಗೆ ಕೂತಿತ್ತು.

ಮೂರನೆಯ ಗುಂಡು ಸುಮನತ್ತೆಯ ಹಟದಿಂದ ನನ್ನ ಪಾಲಿಗೆ ಬಂತು. ಮನೆಯಲ್ಲಿ ನನ್ನ ಬಾಯಿಯನ್ನು ಮೆಚ್ಚುತ್ತಿದ್ದವಳು ಅವಳೊಬ್ಬಳೇ. ಮಿಕ್ಕವರು ಅದನ್ನು ಮುಚ್ಚಿಸಲು ನೋಡುತ್ತಿದ್ದರು. “ತಿರುವೋ ಪಿಂಟ್ಯಾ, ಮೆಂಬರ್‌ನ ದನಿ ತಿರುವು” ಎನ್ನುತ್ತಿದ್ದಳು. ನಮ್ಮ ವಾರ್ಡಿನ ಮೆಂಬರ್ ಸಾಹೇಬರಿಗೆ ಮಾತಿಗಿಂತ ಮೊದಲು ಕೆಮ್ಮು ಬರುತ್ತಿತ್ತು. ಕೆಮ್ಮು ಮುಗಿದ ಮೇಲೆ ಯಾರು ಏನು ಕೇಳಿದರೂ ಒಂದೇ ಉತ್ತರ. ನಾನು ಗುಂಡು ತಿರುವಿ, ಇಲ್ಲದ ಹೊಟ್ಟೆಯನ್ನು ಮುಂದೆ ತಂದು, ಕೆಮ್ಮಿ, ಹೇಳುತ್ತಿದ್ದೆ:

“ನೋಡಮ್ರಿ. ಮಾಡಮ್ರಿ. ನಿಮ್ಮ ಕೆಲಸ ಅಂದ್ರ ನಂದೇ ಕೆಲಸರಿ.”

ಸುಮನತ್ತೆ ನಕ್ಕು ನಕ್ಕು ನೀರಿಗೆ ಬೀಳುವಂತಾಗುತ್ತಿದ್ದಳು. ಅಪ್ಪ ಕೂಡ ನಗುತ್ತಿದ್ದ, ಕಾಲು ನೀರಿನಲ್ಲಿಟ್ಟುಕೊಂಡೇ. ಆಮೇಲೆ ಅಪ್ಪನದೇ ದನಿ ತೆಗೆಯುತ್ತಿದ್ದೆ, ಆಗ ಅವನ ನಗು ನಿಲ್ಲುತ್ತಿತ್ತು. ನಾನು ಇವತ್ತು ಏನಾಗಿದ್ದೇನೋ ಅದು ಆ ಪಲಂಗದ ಮೇಲೆ, ಮೊಣಕಾಲುದ್ದದ ಕೊಳಕು ನೀರಿನ ನಡುವೆ ಆದದ್ದು. ಹೆಮ್ಮೆಯಿಂದ ಹೇಳಬೇಕಾದ ಮಾತು. ಆದರೆ ಬರೆಯುವಾಗ ಮೈ ಉರಿಯುತ್ತದೆ. ನೀರು ಹಿಟ್ಟಿನ ಚೀಲ ನೆನೆಸುತ್ತಿತ್ತು, ಅವ್ವನ ಒಲೆ ಕರಗಿಸುತ್ತಿತ್ತು, ನಾವು ಮೆಂಬರ್‌ನ ಕೆಮ್ಮಿಗೆ ನಗುತ್ತ ಕೂತಿದ್ದೆವು. ಮೆಂಬರ್ ತನ್ನ ಮನೆಯಲ್ಲಿ ಒಣಗಿದ ಚಾದರ ಹೊದ್ದು ಮಲಗಿದ್ದ. ನನ್ನಂಥ ಅನುಕೂಲದ ಶತ್ರು ಅವನಿಗೆ ಇನ್ನೆಲ್ಲಿ ಸಿಗಬೇಕು?

ಸುಮನತ್ತೆಗೆ ಹುಮನಾಬಾದಿನ ಗಂಡು ಗೊತ್ತಾಯಿತು. ನಮ್ಮ ಕಡೆ ಮಗಳನ್ನು ಕಳಿಸುವಾಗ ಪಲಂಗ, ಗಾದಿ, ಅಲಮಾರಿ, ಹಂಡೆ, ಕೊಡ ಎಲ್ಲವನ್ನೂ ಟೆಂಪೋದಲ್ಲಿ ಹೇರಿ ಕಳಿಸಬೇಕು. ಆ ಟೆಂಪೋ ಗಂಡಿನ ಓಣಿಗೆ ಮೆಲ್ಲಗೆ ಹೋಗಬೇಕು, ಎಲ್ಲರಿಗೂ ಕಾಣಲಿ ಎಂದು. ಗಾದಿ ಆಯಿತು, ಹಂಡೆ ಆಯಿತು, ಅಲಮಾರಿ ಕೂಡ ಹೇಗೋ ಆಯಿತು. ಹೊಸ ಪಲಂಗಕ್ಕೆ ನಮ್ಮ ತಾಕತ್ತು ಮುಟ್ಟಲಿಲ್ಲ. ಒಂದು ಮುಂಜಾನೆ ಎದ್ದು ನೋಡುತ್ತೇನೆ, ಅಪ್ಪ ಅರಮನೆಯನ್ನು ಅಂಗಳಕ್ಕೆ ಎಳೆದು ಅದಕ್ಕೆ ಬೆಳ್ಳಿ ಬಣ್ಣ ಬಳಿಯುತ್ತಿದ್ದಾನೆ. ಹಿತ್ತಾಳೆಯ ಗುಂಡುಗಳಿಗೂ ಬಳಿದಾಗಿತ್ತು.

“ನಾಕನೇ ಮೂಲಿಗಿ ಏನ್ ಮಾಡ್ತಿ?” ಆಯಿ ಕೇಳಿದಳು.

“ಏನರ ಗುಂಡಗಿಂದು ಸಿಕ್ಕಿಸಿದ್ರ ಆತು. ಬಣ್ಣ ಬಳದ ಮ್ಯಾಲೆ ಯಾರ್ ನೋಡತಾರ.”

ಅಪ್ಪ ಸುತ್ತ ನೋಡಿದ. ಅವನ ಕಣ್ಣು ನನ್ನ ಕೈಯಲ್ಲಿದ್ದ ಬುಗುರಿಯ ಮೇಲೆ ನಿಂತಿತು. ನಾನು ಓಡಿದೆ, ಅಪ್ಪನ ಕಾಲು ನನ್ನ ಕಾಲಿಗಿಂತ ಉದ್ದ. ಮೊಳೆ ಇದ್ದ ತುದಿಯನ್ನು ಕೆಳಗೆ ಮಾಡಿ, ಕಂಬದ ಖಾಲಿ ಬಾಯಿಗೆ ಒತ್ತಿ, ಬಣ್ಣ ಬಳಿದುಬಿಟ್ಟ. ಅರಮನೆಯ ಸಂಪತ್ತೆಲ್ಲ ಹೀಗೆ ವೇಷ ಮರೆಸಿಕೊಂಡು ಹೋಯಿತು, ನನ್ನ ಬುಗುರಿಯನ್ನೂ ಕರೆದುಕೊಂಡು. ನಾನು ಊಟ ಬಿಟ್ಟೆ. ಮದುವೆಯ ಗದ್ದಲದಲ್ಲಿ ನಾನು ಊಟ ಬಿಟ್ಟದ್ದು ಯಾರಿಗೂ ಗೊತ್ತಾಗಲಿಲ್ಲ, ಆದ್ದರಿಂದ ಸಂಜೆಗೆ ನಾನೇ ಹೋಗಿ ಎರಡು ಸಲ ಬಡಿಸಿಕೊಂಡು ಉಂಡೆ. ಆದರೆ ಟೆಂಪೋ ಹೊರಟಾಗ ಅದರ ಹಿಂದೆ ಓಡಿದವನು ನಾನೊಬ್ಬನೇ. ಎಲ್ಲರೂ ಅತ್ತೆಗಾಗಿ ಅಳುತ್ತಿದ್ದೇನೆ ಎಂದುಕೊಂಡು ನನ್ನ ತಲೆ ಸವರಿದರು.

ಪಂಚಮಿಗೆ ಹೊಸ ಮದುಮಗಳನ್ನು ತವರಿಗೆ ಕರೆತರುವುದು ಪದ್ಧತಿ. ಬುದ್ಧನ ಹಾದಿ ಹಿಡಿದು ಹಬ್ಬ ಬಿಟ್ಟ ನಮ್ಮಂಥ ಮನೆಯವರೂ ಮಗಳು ಜೋಕಾಲಿ ಆಡಲಿ, ಉಂಡಿ ತಿನ್ನಲಿ ಎಂದು ಕರೆಯುತ್ತಾರೆ. ಆ ವರ್ಷ ಪಂಚಮಿ ಬಂದರೂ ದೊಡ್ಡ ಮಳೆ ಇನ್ನೂ ಬಿದ್ದಿರಲಿಲ್ಲ. ಆಯಿ ನನ್ನನ್ನು ಕರೆದುಕೊಂಡು ಹುಮನಾಬಾದಿಗೆ ಹೋದಳು. ಅತ್ತೆಯ ಮನೆ ಅಂಗಡಿಯೊಂದರ ಮೇಲಿನ ಮಾಳಿಗೆಯಲ್ಲಿತ್ತು. ಮೆಟ್ಟಿಲು ಹತ್ತುವಾಗಲೇ ನನಗೆ ತಡೆಯಲಾರದ ಸಂಕಟ. ತೇಲುವ ಅರಮನೆಯನ್ನು ತೆಗೆದುಕೊಂಡು ಹೋಗಿ ಮಾಳಿಗೆಯ ಮೇಲೆ ಇಟ್ಟಿದ್ದರು. ಅಲ್ಲಿಯವರೆಗೆ ನೀರು ಬರಬೇಕಾದರೆ ಇಡೀ ಹುಮನಾಬಾದ್ ಮುಳುಗಬೇಕು. ಪಲಂಗದ ಮೇಲೆ ಅರ್ಧದಲ್ಲಿ ಗಾದಿ, ಇನ್ನರ್ಧದಲ್ಲಿ ಒಣಗಲು ಹರಡಿದ ಮೆಣಸಿನಕಾಯಿ.

ಅತ್ತೆಯ ಅತ್ತೆ, ನಮ್ಮ ಬೀಗತಿ, ಗಟ್ಟಿ ಹೆಂಗಸು. ಮಾತು ಮುಗಿದ ಮೇಲೂ ದನಿ ಸ್ವಲ್ಪ ಹೊತ್ತು ಮನೆಯಲ್ಲೇ ಇರುತ್ತಿತ್ತು. ಆಯಿ ನೆಲದ ಮೇಲೆ ಕೂರಲು ಹೋದಳು.

“ನೆಲಕ್ಕ ಯಾಕ್ರಿ ಬೀಗತೇರ? ನಿಮ್ಮದೇ ಪಲಂಗ ಅದಲಾ, ಏರಿ ಕುಂದರ್ರಿ” ಎನ್ನುತ್ತ ಬೀಗತಿ ಮೂಲೆಯ ಕಂಬಕ್ಕೆ ಕೈ ಹಾಕಿ, ತಿರುವಿ, ಕಿತ್ತು, ತಂದು ಆಯಿಯ ಅಂಗೈಯಲ್ಲಿ ಇಟ್ಟಳು. ಬೆಳ್ಳಿ ಬಣ್ಣದ ಬುಗುರಿ. ಮೊಳೆ ಮೇಲೆ ಮಾಡಿ ಮಲಗಿತ್ತು.

“ಮಗಳಿಗಿ ಪಲಂಗ ಕೊಟ್ಟೀರೋ, ಹುಡುಗರ ಆಟಗಿ ಸಾಮಾನ ಕೊಟ್ಟೀರೋ? ಉಗುರಿಲೆ ಕೆರದ್ರ ಬಣ್ಣ ಹೋಗಿ ಕೆಂಪು ಜಂಗ ಬರಾಕತ್ತದ. ಓಣ್ಯಾಗಿನ ಮಂದಿ ಮುಂದ ಹೊಸಾದು ಹೊಸಾದು ಅಂತ ಹೇಳಿ ತಿರಗೀನಿ ನಾನು.”

ಆಯಿ ಅಂಗೈ ನೋಡುತ್ತ ನಿಂತಳು. ಸುಮನತ್ತೆ ಅಡುಗೆಮನೆಯ ಬಾಗಿಲಲ್ಲಿ ಚಹದ ತಾಟು ಹಿಡಿದು ನಿಂತಳು. ನಾನು ಬುಗುರಿಗೆ ಕೈ ಚಾಚಿದೆ.

“ಅದು ನಂದ್ರಿ” ಎಂದೆ.

ಈ ಮಾತಿಗೆ ಮನೆಯವರು ಇವತ್ತಿಗೂ ನನ್ನನ್ನು ಬೈಯುತ್ತಾರೆ. ಬೈಯಲಿ. ಬುಗುರಿ ನನ್ನದೇ.

“ನಿಂದಾ?” ಬೀಗತಿ ನನ್ನ ಕಡೆ ತಿರುಗಿದಳು. “ಹಂಗಾದ್ರ ಪಲಂಗನೂ ನಿಂದೇ ಇರಬೇಕು. ಒಯ್ಯಿರಿ ಇದನ್ನ, ಇವತ್ತೇ ಟೆಂಪೋ ಹೇಳತೀನಿ. ಮಗಳನ್ನೂ ಕರಕೊಂಡು ಹೊಂಟೀರಿ ಹ್ಯಾಂಗೂ. ಹೊಸಾ ಪಲಂಗದ ಜೋಡಿ ತಿರುಗಿ ಕಳಸ್ರಿ.”

ನನಗೆ ಅದಕ್ಕಿಂತ ಸಿಹಿಯಾದ ಮಾತು ಬೇರೆ ಇರಲಿಲ್ಲ. ಅರಮನೆಯೂ ಬರುತ್ತದೆ, ಸುಮನತ್ತೆಯೂ ಬರುತ್ತಾಳೆ, ಮಳೆಗಾಲ ಇನ್ನೂ ಬಾಕಿ ಇದೆ. ಆದರೆ ಆಯಿಯ ಮುಖ ನೋಡಿದೆ. ಆ ಪಲಂಗದ ಜೊತೆ ಮಗಳು ಓಣಿಯ ಎದುರಿನಿಂದ ವಾಪಸು ಬಂದರೆ, ಹೊಸದು ತರಲಾಗದ ನಮ್ಮ ಮನೆಯಲ್ಲೇ ಅವಳು ಉಳಿದುಬಿಡುತ್ತಾಳೆ ಎಂಬುದು ಆಯಿಗೆ ಗೊತ್ತಿತ್ತು. ಪಲಂಗ ಬಿಟ್ಟು ಬಂದರೆ ಮುಂದಿನ ಮಳೆಗೆ ಮನೆಯಲ್ಲಿ ಯಾರಿಗೂ ಕೂರಲು ಒಣ ಜಾಗ ಇಲ್ಲ ಎಂಬುದೂ ಗೊತ್ತಿತ್ತು. ಅವಳು ಬಾಯಿ ತೆರೆಯುವ ಮೊದಲೇ ಸುಮನತ್ತೆ ಚಹದ ತಾಟು ಕೆಳಗಿಟ್ಟಳು. ಮೆಣಸಿನಕಾಯಿಯನ್ನು ಒಂದು ಕಡೆ ಸರಿಸಿ, ಪಲಂಗ ಏರಿ, ಚಕ್ಕಳಮಕ್ಕಳ ಹಾಕಿ ಕೂತಳು.

“ಹಳೇದೇ ಅದರಿ ಅತ್ತಿ. ನಮ್ಮವ್ವ ಇದರ ಮ್ಯಾಲೇ ನನ್ನ ಹಡದಾಳ. ನಮ್ಮ ಮನ್ಯಾಗ ನೀರು ಹೊಕ್ಕಾಗ ಮುಳುಗಲಾರದ್ದು ಇದೊಂದೇ ಇತ್ತು, ಅದನ್ನೇ ಕಿತ್ತು ನನಗ ಕೊಟ್ಟಾರ. ಇದು ಇಲ್ಲಿದ್ರ ನಾನೂ ಇರತೀನಿ. ಇದು ಇಳದ್ರ ನಾನೂ ಇದರ ಜೋಡಿ ಇಳೀತೀನಿ, ಮತ್ತ ಏರಾಂಗಿಲ್ಲ.”

ಮಾತಿನಲ್ಲಿ ಏರಿಳಿತವೇ ಇರಲಿಲ್ಲ. ಬೀಗತಿ ಮಗನ ಕಡೆ ನೋಡಿದಳು. ಸುಮನತ್ತೆಯ ಗಂಡ, ನನ್ನ ಮಾಮ, ಗೂಡ್ಸ್ ಆಟೋ ಓಡಿಸುವ ಮನುಷ್ಯ; ಮದುವೆಯಲ್ಲೂ ಅವನ ದನಿ ನನಗೆ ಸಿಕ್ಕಿರಲಿಲ್ಲ, ಅನುಕರಿಸಲು ಏನಾದರೂ ಆಡಿದ್ದರೆ ತಾನೇ. ಬಾಗಿಲಿಗೆ ಒರಗಿ ನಿಂತಿದ್ದವನು ಕಾಲ ಬೆರಳು ನೋಡುತ್ತ ಹೇಳಿದ:

“ಇರ್ಲಿ ಬಿಡವ್ವ. ನಿದ್ದಿ ಛಲೋ ಬರ್ತದ ಅದರ ಮ್ಯಾಲೆ.”

ಬೀಗತಿ ಒಳಗೆ ಹೋಗಿ ಸ್ವಲ್ಪ ಹೊತ್ತು ಪಾತ್ರೆಗಳ ಜೊತೆ ಜಗಳ ಮಾಡಿದಳು. ಆಮೇಲೆ ತಟ್ಟೆಯಲ್ಲಿ ಚುರುಮುರಿಯ ಸೂಸಲಾ ತಂದು ಆಯಿಯ ಮುಂದೆ ಇಟ್ಟಳು. ಎಲ್ಲರಿಗೂ ನ್ಯಾಯ ಸಿಕ್ಕಿತು, ನನ್ನನ್ನು ಬಿಟ್ಟು. ಬಸ್ಸಿನಲ್ಲಿ ಬರುವಾಗ ನಾನು ಸುಮನತ್ತೆಯ ಪಕ್ಕ ಕೂರಲಿಲ್ಲ. ಅರಮನೆಯನ್ನು ಬಾಯಿ ಮಾತಿನಲ್ಲಿ ಗೆದ್ದುಕೊಂಡವಳ ಪಕ್ಕ ಏನು ಕೂರುವುದು? ರಾಜೇಶ್ವರ ದಾಟುವಾಗ ಆಕಾಶ ಕಪ್ಪಾಗಿತ್ತು. ನಾನು ಆಯಿಯ ಕಿವಿಯ ಹತ್ತಿರ ಹೋಗಿ ಕೇಳಿದೆ:

“ಈಗ ಮಳಿ ಬಂದ್ರ ಎಲ್ಲಿ ಏರೋದು?”

ಆಯಿ ಕಿಟಕಿಯಿಂದಾಚೆ ನೋಡುತ್ತಿದ್ದಳು.

ಇವತ್ತು ನಮ್ಮ ಓಣಿಯಲ್ಲಿ ಒಂದು ಗಟಾರ ಇದೆ. ಅದರ ಮೇಲೊಂದು ಬೋರ್ಡು ಇದೆ, ಬೋರ್ಡಿನ ಮೇಲೆ ಅದನ್ನು ಮಾಡಿಸಿದ ದೊಡ್ಡವರ ಹೆಸರುಗಳಿವೆ. ಆ ಬೋರ್ಡಿನ ಮುಂದೆ ಹಾದು ಹೋಗುವಾಗಲೆಲ್ಲ ನನಗೆ ಬಣ್ಣದ ಡಬ್ಬಿ ತಂದು ಅದನ್ನು ಅಳಿಸಬೇಕು ಅನ್ನಿಸುತ್ತದೆ. ಆ ಗಟಾರ ಹೇಗೆ ಬಂತೆಂದು ಕಂಡವನು ನಾನು.

ಸುಮನತ್ತೆ ತವರಿನಲ್ಲಿ ಇದ್ದಾಗಲೇ, ಒಂದು ಮಧ್ಯಾಹ್ನ, ಮಳೆ ಹೊಡೆಯಿತು. ಎಂದಿನಂತೆ ನೀರು ಮೆಟ್ಟಿಲಿಳಿದು ಬಂತು. ಎಂದಿನಂತೆ ನಾವೆಲ್ಲ ಖೋಲಿಯ ಆ ಮೂಲೆಗೆ ಓಡಿದೆವು. ಅಲ್ಲಿ ಪಲಂಗದ ಕಾಲು ನಿಂತಿದ್ದ ಗುರುತುಗಳು ಮಾತ್ರ ಇದ್ದವು, ಅವೂ ಮುಳುಗುತ್ತಿದ್ದವು. ಅವ್ವ ಹಿಟ್ಟಿನ ಡಬ್ಬಿಯನ್ನು ತಲೆಯ ಮೇಲೆ ಇಟ್ಟುಕೊಂಡಳು. ಅಪ್ಪ ಟಿವಿ ಅಪ್ಪಿಕೊಂಡು ನಿಂತ, ಕೂಸು ಎತ್ತಿಕೊಂಡವರ ಹಾಗೆ. ಎಲ್ಲರೂ ಆಯಿಯ ಕಡೆ ನೋಡಿದೆವು.

“ಆಯಿ, ಅರಮನಿ?”

“ಅರಮನಿ ಅಕಿ ಮನ್ಯಾಗದ. ನಡ್ರಿ, ಕೈಗೆ ಸಿಕ್ಕಿದ್ದು ಎತ್ರಿ.”

ಅವಳು ಮೊದಲು ಸ್ಟೋವ್ ಎತ್ತಿದಳು. ಮೆಟ್ಟಿಲು ಹತ್ತಿ ರೋಡಿಗೆ ಹೋದಳು. ರೋಡು ಒಣಗಿತ್ತು ಎನ್ನುವಂತಿಲ್ಲ, ಆದರೆ ಒಂದು ಹನಿ ನೀರು ಅಲ್ಲಿ ನಿಂತಿರಲಿಲ್ಲ. ಎಲ್ಲ ನಮ್ಮಲ್ಲಿಗೇ ಇಳಿದಿತ್ತು. ರೋಡಿನ ನಟ್ಟನಡುವೆ ಸ್ಟೋವ್ ಇಟ್ಟಳು. ಅಪ್ಪನಿಗೆ ತಾಡಪತ್ರಿ ಕಟ್ಟು ಎಂದಳು, ಅಪ್ಪ ಈ ಲೈಟು ಕಂಬಕ್ಕೂ ಆ ಲೈಟು ಕಂಬಕ್ಕೂ ಕಟ್ಟಿದ. ಹಾಸಿಗೆ ಬಂತು, ಡಬ್ಬಿಗಳು ಬಂದವು, ಟಿವಿ ಬಂತು, ಬುದ್ಧನ ಫೋಟೋವನ್ನೂ ಸುಮನತ್ತೆ ಮೊಳೆಯಿಂದ ಇಳಿಸಿ ತಂದಳು. ಮನೆ ಇದ್ದಂತೆಯೇ ಹೂಡಿದರು: ಇಲ್ಲಿ ಅಡುಗೆ, ಅಲ್ಲಿ ಖೋಲಿ. ಅವ್ವ ಹಿಟ್ಟು ನಾದತೊಡಗಿದಳು. ಈ ಕಡೆ ಒಂದು ಟೆಂಪೋ, ಆ ಕಡೆ ಆಟೋಗಳು, ಹಿಂದೆ ಒಂದು ಜೀಪು ಬಂದು ನಿಂತು ಹಾರ್ನು ಹೊಡೆದವು. ಹಾರ್ನುಗಳಿಗೆ ಆಯಿ ತಲೆ ಎತ್ತಲಿಲ್ಲ. ಮಂದಿ ಸೇರಿದರು. ಮಂದಿ ಸೇರಿದ ಮೇಲೆ ನನ್ನ ಬಾಯಿ ಸುಮ್ಮನಿರುತ್ತದೆಯೇ? ಹೊಟ್ಟೆ ಮುಂದೆ ತಂದು ಮೆಂಬರ್‌ನ ಕೆಮ್ಮು ಕೆಮ್ಮಿದೆ. ಒಂದಿಬ್ಬರು ಆಗಲೇ ನಗಲು ಬಾಯಿ ತೆರೆದಿದ್ದರು. ಆಯಿ ನನ್ನ ರಟ್ಟೆ ಹಿಡಿದು ತನ್ನ ಪಕ್ಕಕ್ಕೆ ಕೂರಿಸಿದಳು.

“ಇವತ್ತ ಯಾರನ್ನೂ ನಗಸಬ್ಯಾಡ.”

ನನ್ನ ಇಡೀ ಬಾಲ್ಯದಲ್ಲಿ ನಾನು ಬಾಯಿ ಮುಚ್ಚಿ ಕೂತದ್ದು ಆ ಮಧ್ಯಾಹ್ನ ಮಾತ್ರ. ಮೆಂಬರ್ ಸಾಹೇಬರು ಯಾರದೋ ಸ್ಕೂಟರಿನ ಹಿಂದೆ ಕೂತು, ಕೊಡೆ ಹಿಡಿದು ಬಂದರು. ಬಂದವರೇ ಕೆಮ್ಮಿದರು. ಯಾರೂ ನಗಲಿಲ್ಲ.

“ಏನಾಯಿ ಇದು? ರೋಡಿಗಿ ಕುಂತೀರಿ. ಮಂದಿಗಿ ತ್ರಾಸ ಆಗತದ, ಏಳ್ರಿ. ನೋಡಮ್ರಿ, ಮಾಡಮ್ರಿ.” ಹಾಗೆನ್ನುತ್ತ ಅವರು ತಾಡಪತ್ರಿಯ ಕೆಳಗೆ, ಹಾಸಿಗೆಯ ಅಂಚಿನವರೆಗೆ ಕಾಲಿಟ್ಟು ಬಂದರು. ಬೂಟಿನ ಕೆಸರು ಹಾಸಿಗೆಗೆ ಹತ್ತಿತು.

ಆಯಿ ತವೆಯ ಮೇಲಿನ ರೊಟ್ಟಿ ತಿರುವಿ ಹಾಕಿದಳು. ಆಮೇಲೆ ಆ ಬೂಟುಗಳನ್ನು ನೋಡಿದಳು.

“ರೋಡು ಅಲ್ಲರಿ ಸಾಹೇಬ್ರ, ಮನಿ. ನಿಮ್ಮ ರೋಡಿನ ನೀರು ನಮ್ಮ ಮನ್ಯಾಗ ಅದ, ನಮ್ಮ ಮನಿ ನಿಮ್ಮ ರೋಡಿಗಿ ಅದ. ಗಟಾರ ಆಗೋತನ ಹಿಂಗೇ. ಬೂಟ ಬಿಟ್ಟು ಒಳಗ ಬರ್ರಿ.”

ಹಾರ್ನುಗಳು ಯಾವಾಗಲೋ ನಿಂತಿದ್ದವು. ಮೆಂಬರ್ ಸಾಹೇಬರು ಹಿಂದೆ ನೋಡಿದರು. ಜೀಪಿನವರು ಕೂಡ ಇಳಿದು ಬಂದು ನಿಂತಿದ್ದರು. ಮುಂದೆ ನೋಡಿದರು, ನಾವು ಐದು ಜನ ಗೋಡೆ ಇಲ್ಲದ ಮನೆಯಲ್ಲಿ ಕೂತು ಅವರನ್ನೇ ನೋಡುತ್ತಿದ್ದೆವು. ಅವರು ಕೊಡೆಯನ್ನು ಪಕ್ಕದವನ ಕೈಗೆ ಕೊಟ್ಟು, ಹೊಟ್ಟೆಯನ್ನು ಕಷ್ಟಪಟ್ಟು ಮಡಚಿ, ಬಗ್ಗಿ, ಒದ್ದೆಯಾಗಿ ಬಿಗಿದಿದ್ದ ಬೂಟಿನ ದಾರವನ್ನು ಬಿಚ್ಚತೊಡಗಿದರು.